ಓಬಿಎಂ ಕಾರ್ಬುರೇಟರ್ ಸೋರುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾಜಾಳಿಯಿಂದ ಭಟ್ಕಳದವರೆಗೆ ಸಣ್ಣ ದೋಣಿಗೆ 8, 9.9 ಅಥವಾ 10 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ (ಓಬಿಎಂ) ಕಟ್ಟಿಕೊಂಡು ದುಡಿಯುವವರಿಗಾಗಿ ಇದನ್ನು ಬರೆದಿದ್ದೇನೆ. ಬಲೆ ಬಿಡುವವರು, ಗಾಳ ಹಾಕುವವರು, ದೇವಬಾಗದ ಕಡೆ ಪ್ರವಾಸಿಗಳಿಗೆ ಡಾಲ್ಫಿನ್ ತೋರಿಸಲು ಹೋಗುವವರು, ಎಲ್ಲರ ಎಂಜಿನ್ನೂ ಹೆಚ್ಚು ಕಡಿಮೆ ಒಂದೇ ಬಗೆಯದು. ನಾನು ತದಡಿ ದಂಡೆಯವನು. ನಮ್ಮ ಮನೆಯ ದೋಣಿಯ ಎಂಜಿನ್ ಬಿಚ್ಚಿ, ಕಟ್ಟಿ ಕೆಲಸ ಕಲಿತೆ. ಈಗ ಅಕ್ಕಪಕ್ಕದವರೂ ತಮ್ಮ ಎಂಜಿನ್ ಹೊತ್ತು ತರುತ್ತಾರೆ. ಕಾರ್ಬುರೇಟರ್, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ, ಸೋರಿದಾಗ ಅವರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಎಂಜಿನ್ ಹತ್ತಿರ ಪೆಟ್ರೋಲ್ ವಾಸನೆ ಬರುತ್ತಿದೆ. ಮೊದಲು ಏನು ಮಾಡಬೇಕು?

ಹಗ್ಗ ಎಳೆಯಬೇಡಿ. ಸ್ಟಾರ್ಟ್ ಮಾಡಿ ನೋಡೋಣ ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. ಅಲ್ಲೇ ಅಪಾಯ ಇರುವುದು. ಮೊದಲು ಪೆಟ್ರೋಲ್ ಪೈಪನ್ನು ಎಂಜಿನ್ನಿನಿಂದ ಕಳಚಿ. ಸ್ಪಾರ್ಕ್ ಪ್ಲಗ್ಗಿನ ಟೋಪಿ ತೆಗೆದು ಬದಿಗಿಡಿ. ದೋಣಿಯಲ್ಲಿ ಯಾರ ಬಾಯಲ್ಲಾದರೂ ಬೀಡಿ ಇದ್ದರೆ ನಂದಿಸಲು ಹೇಳಿ, ಅವರು ವಯಸ್ಸಿನಲ್ಲಿ ದೊಡ್ಡವರಾಗಿದ್ದರೂ ಹೇಳಿ.

ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೆ ಅದೇ ಮಟ್ಟ ಮುಟ್ಟಲು ಸುಮಾರು 38 ಡಿಗ್ರಿ ಬೇಕು. ನಮ್ಮ ಹಿರಿಯರು ಸೀಮೆಎಣ್ಣೆ ಎಂಜಿನ್ ಜೊತೆ ಕೊಂಚ ಸಲಿಗೆಯಿಂದ ಇದ್ದರು. ಆ ಸಲಿಗೆ ಪೆಟ್ರೋಲಿನ ಜೊತೆ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹಾರಿ ಹೋಗುವುದಿಲ್ಲ. ಹಲಗೆಯ ಕೆಳಗೆ, ಬಲೆಯ ಅಡಿಯಲ್ಲಿ, ದೋಣಿಯ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ನಿಂತಾಗ ಮೂಗಿಗೆ ವಾಸನೆ ಬರದಿದ್ದರೂ ಬಗ್ಗಿದಾಗ ಬರುತ್ತದೆ. ಹಾಗಾಗಿ ಹಲಗೆ ಎತ್ತಿ, ಸೋರಿದ ಪೆಟ್ರೋಲನ್ನು ಹಳೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ದೋಣಿಗೆ ಗಾಳಿಯಾಡಲು ಬಿಡಿ. ವಾಸನೆ ಪೂರ್ತಿ ಹೋದ ಮೇಲೆಯೇ ಮುಂದಿನ ಕೆಲಸ.

ಬೆಂಕಿ ಹತ್ತಿದರೆ ಪೆಟ್ರೋಲಿನ ಮೇಲೆ ನೀರು ಸುರಿಯಬೇಡಿ, ಅದು ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ. ಪೌಡರ್ ತುಂಬಿದ ಸಣ್ಣ ಬೆಂಕಿ ಆರಿಸುವ ಸಿಲಿಂಡರ್ ಒಂದನ್ನು ದೋಣಿಯಲ್ಲಿ ಇಟ್ಟುಕೊಳ್ಳಿ. ಅದನ್ನು ಎಂಜಿನ್ ಪಕ್ಕದಲ್ಲಿ ಇಡಬೇಡಿ, ಕೈಗೆ ಸಿಗುವಂತೆ ಮುಂದೆ ಇಡಿ.

ಕಾರ್ಬುರೇಟರಿನ ಅಡಿ ಒದ್ದೆಯಾಗಿದೆ. ಅಂದಮೇಲೆ ಕಾರ್ಬುರೇಟರೇ ಸೋರುತ್ತಿದೆ, ಅಲ್ವಾ?

ಹಾಗೆ ಹೇಳಲು ಬರುವುದಿಲ್ಲ. ಒದ್ದೆ ಇರುವ ಜಾಗ ಬೇರೆ, ಸೋರುವ ಜಾಗ ಬೇರೆ. ಮಾಡಿನ ಹಂಚು ಒಡೆದದ್ದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ ಎಂದು ಮಳೆಗಾಲ ಕಂಡ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಎಂಜಿನ್ನಿನಲ್ಲೂ ಅದೇ ಕಥೆ. ಕಾರ್ಬುರೇಟರಿನ ಬೌಲ್, ಅಂದರೆ ಪೆಟ್ರೋಲ್ ನಿಲ್ಲುವ ಬಟ್ಟಲು, ಕೆಳಗೆ ಇರುವುದರಿಂದ ಮೇಲಿನ ಪೈಪು, ಪಂಪು, ಫಿಲ್ಟರ್ ಎಲ್ಲಿ ಸೋರಿದರೂ ಕೊನೆಗೆ ಹನಿ ಬೀಳುವುದು ಬೌಲಿನ ಅಡಿಯಿಂದಲೇ.

ನಾನು ಒಂದೇ ಎಂಜಿನ್ನಿಗೆ ಎರಡು ಸಲ ಕಾರ್ಬುರೇಟರ್ ಕಿಟ್ (ಪ್ಯಾಕಿಂಗ್, ನೀಡಲ್ ಇತ್ಯಾದಿ) ಬದಲಿಸಿದ್ದೆ. ಎರಡೂ ಸಲ ಸೋರಿತು. ಮೂರನೇ ಸಲ ಬಿಚ್ಚದೆ ಅರ್ಧ ಗಂಟೆ ಸುಮ್ನೆ ನೋಡುತ್ತ ಕೂತೆ. ಪಂಪಿನಿಂದ ಹೊರಡುವ ಪೈಪಿನ ಕ್ಲಿಪ್ ತುಕ್ಕು ಹಿಡಿದು ಸಡಿಲವಾಗಿತ್ತು. ಅಲ್ಲಿಂದ ಎದ್ದ ಹನಿ ಪೈಪಿನ ಅಡಿಗುಂಟ ಜಾರಿ ಬೌಲಿಗೆ ಬರುತ್ತಿತ್ತು. ಆಗಿನಿಂದ ನಾನು ಮೊದಲು ಪೌಡರ್ ಹಾಕುತ್ತೇನೆ, ಆಮೇಲೆ ಸ್ಪ್ಯಾನರ್ ಹಿಡಿಯುತ್ತೇನೆ.

ಪೌಡರ್ ಹಾಕಿ ನೋಡುವುದು ಹೇಗೆ?

ಎಂಜಿನ್ ಪೂರ್ತಿ ತಣ್ಣಗಿರಬೇಕು. ಮೇಲಿನ ಕವರ್ ತೆಗೆಯಿರಿ. ಕಾರ್ಬುರೇಟರ್, ಪಂಪು, ಪೈಪು, ಫಿಲ್ಟರ್ ಎಲ್ಲವನ್ನೂ ಬಟ್ಟೆಯಿಂದ ಒಣಗುವ ತನಕ ಒರೆಸಿ. ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಎಲ್ಲದರ ಮೇಲೂ ಉದುರಿಸಿ. ಕಾರ್ಬುರೇಟರ್ ಗಾಳಿ ಎಳೆಯುವ ಬಾಯಿಗೆ ಬಟ್ಟೆ ಮುಚ್ಚಿ, ಪೌಡರ್ ಒಳಗೆ ಹೋಗಬಾರದು. ಈಗ ಪೈಪು ಜೋಡಿಸಿ, ಪೈಪಿನ ನಡುವೆ ಪೆಟ್ರೋಲ್ ತಳ್ಳಲು ಇರುವ ರಬ್ಬರ್ ಬಲ್ಬ್ ಗಟ್ಟಿಯಾಗುವವರೆಗೆ ಮಾತ್ರ ಒತ್ತಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಬಿಳಿ ಪೌಡರಿನ ಮೇಲೆ ಮೊದಲು ಒದ್ದೆಯಾಗುವ ಜಾಗವೇ ಸೋರುವ ಜಾಗ.

ಬೌಲ್ ಮತ್ತು ಕಾರ್ಬುರೇಟರಿನ ಮೈ ಸೇರುವ ಗೆರೆ ಒದ್ದೆಯಾದರೆ ಪ್ಯಾಕಿಂಗ್ ಹಳತಾಗಿದೆ, ಇಲ್ಲವೇ ಸ್ಕ್ರೂ ಸಡಿಲವಾಗಿದೆ. ಬೌಲಿನ ಅಡಿಯ ಡ್ರೈನ್ ಸ್ಕ್ರೂ ಮಾತ್ರ ಒದ್ದೆಯಾದರೆ ಅದರ ವಾಷರ್ ಅಥವಾ ಓರಿಂಗ್ ನೋಡಿ. ಉಪ್ಪುಗಾಳಿಗೆ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ತಿನ್ನಿಸಿಕೊಂಡಿದ್ದರೆ ವಾಷರ್ ಸರಿಯಾಗಿ ಕೂರುವುದಿಲ್ಲ. ಗಾಳಿ ಎಳೆಯುವ ಬಾಯಿಂದಲೋ ಓವರ್‌ಫ್ಲೋ ತೂತಿನಿಂದಲೋ ಬಂದರೆ ತೊಂದರೆ ಬೌಲಿನ ಒಳಗಿದೆ. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಬಲ್ಬ್ ಒತ್ತಿದಾಗ ಎಲ್ಲವೂ ಒಣಗಿದ್ದು, ಎಂಜಿನ್ ಓಡುವಾಗ ಮಾತ್ರ ಕಾರ್ಬುರೇಟರಿನ ಬಾಯಿಂದ ಪೆಟ್ರೋಲ್ ಚಿಮ್ಮಿದರೆ, ಅದು ಟೂ ಸ್ಟ್ರೋಕ್ ಎಂಜಿನ್ ಆಗಿದ್ದರೆ, ಕಾರ್ಬುರೇಟರನ್ನು ಬಯ್ಯಬೇಡಿ. ಅದರ ಹಿಂದೆ ರೀಡ್ ವಾಲ್ವ್ ಇರುತ್ತದೆ, ತೆಳು ನಾಲಗೆಯಂಥದ್ದು. ಅದರ ತುದಿ ಮುರಿದರೆ ಅಥವಾ ಬಾಗಿದರೆ ಎಂಜಿನ್ ಎಳೆದುಕೊಂಡದ್ದನ್ನೇ ವಾಪಸ್ ಉಗುಳುತ್ತದೆ. ಮುರಿದ ಚೂರು ಎಂಜಿನ್ ಒಳಗೆ ಹೋದರೆ ಪಿಸ್ಟನ್ನಿಗೇ ಪೆಟ್ಟು. ಅಂಥ ಎಂಜಿನ್ ಓಡಿಸದೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಓವರ್‌ಫ್ಲೋ ಅಂತಾರಲ್ಲ, ಅದು ಯಾಕೆ ಆಗುತ್ತದೆ?

ಮನೆಯ ನೀರಿನ ಟಾಕಿಯಲ್ಲಿ ಚೆಂಡು ಕಟ್ಟಿದ ನಲ್ಲಿ ನೋಡಿದ್ದೀರಲ್ಲ. ನೀರು ತುಂಬಿದಂತೆ ಚೆಂಡು ಮೇಲೇರಿ ನಲ್ಲಿ ಮುಚ್ಚುತ್ತದೆ. ಕಾರ್ಬುರೇಟರಿನ ಬೌಲಿನಲ್ಲೂ ಅದೇ ಏರ್ಪಾಟು. ಚೆಂಡಿನ ಬದಲು ಫ್ಲೋಟ್, ನಲ್ಲಿಯ ಬದಲು ನೀಡಲ್. ಪೆಟ್ರೋಲ್ ಬೇಕಾದ ಮಟ್ಟಕ್ಕೆ ಬಂದಾಗ ಫ್ಲೋಟ್ ಏರಿ, ನೀಡಲ್‌ನ ಮೊನೆ ಸೀಟಿನಲ್ಲಿ ಕೂತು ದಾರಿ ಮುಚ್ಚುತ್ತದೆ. ಅದು ಮುಚ್ಚದಿದ್ದರೆ ಪೆಟ್ರೋಲ್ ಬರುತ್ತಲೇ ಇರುತ್ತದೆ, ಬೌಲ್ ತುಂಬಿ ಸಿಕ್ಕ ತೂತಿನಿಂದ ಹೊರಗೆ ಹರಿಯುತ್ತದೆ.

ಮುಚ್ಚದಿರಲು ಹಲವು ಕಾರಣ. ನಾನು ಕಂಡಂತೆ ನಮ್ಮ ಕಡೆ ಮೊದಲ ಕಾರಣ ಕಸ. ಕ್ಯಾನಿನಿಂದ ಟ್ಯಾಂಕಿಗೆ ಸುರಿಯುವಾಗ ಮರಳಿನ ಒಂದು ಕಣ ಹೋದರೂ ಸಾಕು. ಕಬ್ಬಿಣದ ಟ್ಯಾಂಕ್ ಆದರೆ ತುಕ್ಕಿನ ಹುಡಿ. ನೀಡಲ್ ಮತ್ತು ಸೀಟಿನ ನಡುವೆ ಅದು ಸಿಕ್ಕಿಕೊಂಡರೆ ಬಾಗಿಲ ಸಂದಿಗೆ ಕಲ್ಲು ಸಿಕ್ಕಂತೆ. ಎರಡನೆಯದು ಅಂಟು. ಟೂ ಸ್ಟ್ರೋಕ್ ಎಂಜಿನ್ನಿಗೆ 50ಕ್ಕೆ 1ರ ಲೆಕ್ಕದಲ್ಲಿ ಲೀಟರಿಗೆ 20 ಮಿಲಿ ಆಯಿಲ್ ಹಾಕುತ್ತೇವೆ. ವಾರಗಟ್ಟಲೆ ನಿಲ್ಲಿಸಿದಾಗ ಪೆಟ್ರೋಲ್ ಆರಿ ಹೋಗುತ್ತದೆ, ಆಯಿಲ್ ಉಳಿದು ನೀಡಲನ್ನು ಹಿಡಿದುಕೊಳ್ಳುತ್ತದೆ.

ಇನ್ನು ಸವೆತ. ಎಂಜಿನ್ ನಡುಗಿದಾಗೆಲ್ಲ ನೀಡಲ್ ಸೀಟಿಗೆ ಬಡಿಯುತ್ತ ಇರುತ್ತದೆ. ಕಾಲ ಕಳೆದಂತೆ ಅದರ ರಬ್ಬರ್ ಮೊನೆಯ ಸುತ್ತ ಉಂಗುರದಂಥ ಗೆರೆ ಬೀಳುತ್ತದೆ. ಬಿಸಿಲಿಗೆ ಹಿಡಿದು ನೋಡಿದರೆ ಕಾಣುತ್ತದೆ, ಉಗುರಿಗೂ ತಾಗುತ್ತದೆ. ಅಂಥ ನೀಡಲನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಫ್ಲೋಟ್ ಭಾರವಾಗುವುದೂ ಉಂಟು. ಹಿತ್ತಾಳೆಯ ಟೊಳ್ಳು ಫ್ಲೋಟಿಗೆ ತೂತಾದರೆ ಕಿವಿ ಹತ್ತಿರ ಅಲ್ಲಾಡಿಸಿದಾಗ ಒಳಗೆ ಪೆಟ್ರೋಲ್ ಕುಲುಕುವ ಸದ್ದು ಕೇಳುತ್ತದೆ. ಬಿಸಿನೀರಿನಲ್ಲಿ ಅದ್ದಿದರೆ ತೂತಿನಿಂದ ಗುಳ್ಳೆ ಏಳುತ್ತದೆ. ನೀರು ಬೇರೆ ಕಡೆ ಕಾಯಿಸಿ ತನ್ನಿ, ಒಲೆಯ ಹತ್ತಿರ ಫ್ಲೋಟ್ ಒಯ್ಯಬೇಡಿ.

ನೀಡಲ್ ಹೊಸದು, ಪ್ಯಾಕಿಂಗ್ ಹೊಸದು. ಆದರೂ ಬಿಸಿಲಲ್ಲಿ ದೋಣಿ ನಿಲ್ಲಿಸಿದಾಗ ಸೋರುತ್ತದೆ. ಯಾಕೆ?

ಈ ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರ ಕಾರ್ಬುರೇಟರ್ ಸರಿಯೇ ಇತ್ತು. ತಪ್ಪು ಟ್ಯಾಂಕಿನಲ್ಲಿತ್ತು.

ಏಪ್ರಿಲ್ ಮೇ ತಿಂಗಳಲ್ಲಿ ಬೈತಖೋಲದಲ್ಲೋ ತದಡಿಯಲ್ಲೋ ದಂಡೆಗೆ ದೋಣಿ ಎಳೆದು, ಮೀನು ಇಳಿಸಿ, ಊಟಕ್ಕೆ ಹೋಗುತ್ತೇವೆ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಬಿಗಿಯಾಗಿದೆ. ಪೈಪು ಎಂಜಿನ್ನಿಗೆ ಜೋಡಿಸಿಯೇ ಇದೆ. ಬಿಸಿಲಿಗೆ ಟ್ಯಾಂಕಿನೊಳಗೆ ಆವಿ ಉಬ್ಬುತ್ತದೆ, ಪ್ಲಾಸ್ಟಿಕ್ ಟ್ಯಾಂಕಿನ ಹೊಟ್ಟೆಯೇ ಊದಿರುವುದನ್ನು ನೀವೂ ನೋಡಿರುತ್ತೀರಿ. ಆ ಒತ್ತಡ ಹೋಗಲು ಪೈಪೊಂದೇ ದಾರಿ. ಅದು ಪೆಟ್ರೋಲನ್ನು ಪೈಪಿನಗುಂಟ ತಳ್ಳಿ, ನೀಡಲನ್ನು ಸೀಟಿನಿಂದ ಎಬ್ಬಿಸಿ, ಬೌಲ್ ತುಂಬಿಸಿ ಹೊರಗೆ ಚೆಲ್ಲುತ್ತದೆ. ಊಟ ಮುಗಿಸಿ ಬಂದು ನೋಡಿದರೆ ದೋಣಿಯ ತಳದಲ್ಲಿ ಪೆಟ್ರೋಲ್. ಎಷ್ಟು ಒಳ್ಳೆಯ ನೀಡಲ್ ಹಾಕಿದರೂ ಇದು ನಿಲ್ಲುವುದಿಲ್ಲ.

ಪರಿಹಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಎಂಜಿನ್ ನಿಲ್ಲಿಸಿದ ಕೂಡಲೇ ಪೈಪನ್ನು ಎಂಜಿನ್ನಿನಿಂದ ಕಳಚಿ. ಟ್ಯಾಂಕಿನ ಮೇಲೆ ಒದ್ದೆ ಗೋಣಿ ಹಾಕಿ ಅಥವಾ ನೆರಳಿಗೆ ಎಳೆಯಿರಿ. ಮತ್ತೆ ಹೊರಡುವಾಗ ಮೊದಲು ಗಾಳಿ ಸ್ಕ್ರೂ ನಿಧಾನ ಸಡಿಲಿಸಿ, ಉಸ್ ಎಂದು ಆವಿ ಹೋಗಲಿ, ಆಮೇಲೆ ಪೈಪು ಜೋಡಿಸಿ. ಎಂಜಿನ್ ಓಡುವಾಗ ಆ ಸ್ಕ್ರೂ ತೆರೆದೇ ಇರಬೇಕು, ಇಲ್ಲದಿದ್ದರೆ ಪೆಟ್ರೋಲ್ ಎಳೆಯದೆ ಎಂಜಿನ್ ನಿಲ್ಲುತ್ತದೆ.

ಟ್ಯಾಂಕ್ ಇಡುವ ಜಾಗವನ್ನೂ ನೋಡಿ. ನೀರು ತಾಗಬಾರದೆಂದು ಕೆಲವರು ಅದನ್ನು ಅಡ್ಡಹಲಗೆಯ ಮೇಲೆ ಎತ್ತರಕ್ಕೆ ಕಟ್ಟುತ್ತಾರೆ. ಟ್ಯಾಂಕ್ ಕಾರ್ಬುರೇಟರಿಗಿಂತ ಮೇಲಿದ್ದರೆ ಪೆಟ್ರೋಲ್ ತಾನಾಗಿ ಇಳಿಯುತ್ತದೆ, ನೀಡಲ್ ಸ್ವಲ್ಪ ಸೋತರೂ ರಾತ್ರಿಯಿಡೀ ಸೋರುತ್ತದೆ. ಕೆಳಗೇ ಇರಲಿ, ಜಾರದಂತೆ ಕಟ್ಟಿ.

ಬಲ್ಬ್ ಎಷ್ಟು ಸಲ ಒತ್ತಬೇಕು?

ಲೆಕ್ಕ ಇಲ್ಲ. ಕೈಗೆ ಗಟ್ಟಿಯಾದ ಕೂಡಲೇ ನಿಲ್ಲಿಸಿ. ಗಟ್ಟಿಯಾದ ಮೇಲೂ ಬಲವಾಗಿ ಹಿಂಡಿದರೆ ನೀವೇ ನೀಡಲನ್ನು ಎಬ್ಬಿಸಿದಂತೆ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎರಡರಲ್ಲಿ ಒಂದು: ಎಲ್ಲೋ ಸೋರುತ್ತಿದೆ, ಅಥವಾ ಬಲ್ಬಿನೊಳಗಿನ ವಾಲ್ವ್ ಹೋಗಿದೆ. ಬಲ್ಬಿನ ಮೇಲಿನ ಬಾಣ ಎಂಜಿನ್ ಕಡೆಗೆ ಇದೆಯಾ ಎಂದೂ ನೋಡಿ.

ಎಂಜಿನ್ ಮೇಲಕ್ಕೆ ಎತ್ತಿದಾಗ ಮಾತ್ರ ಹನಿ ಬೀಳುತ್ತದೆ. ಕೆಟ್ಟಿದೆಯಾ?

ಸಾಮಾನ್ಯವಾಗಿ ಇಲ್ಲ. ಬೌಲಿನಲ್ಲಿ ಉಳಿದದ್ದು ಓರೆಯಾದಾಗ ಹೊರಗೆ ಬರುತ್ತದೆ. ದಂಡೆ ಮುಟ್ಟುವ ಮೊದಲು ಪೈಪು ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಟ್ಟರೆ ಬೌಲ್ ಬರಿದಾಗುತ್ತದೆ. ಅಳಿವೆ ದಾಟುವಾಗ ಮಾತ್ರ ಇದನ್ನು ಮಾಡಬೇಡಿ, ಒಳಗೆ ಬಂದು ನೀರು ಶಾಂತವಾದ ಮೇಲೆ ಮಾಡಿ.

ಕಾರ್ಬುರೇಟರನ್ನು ನಾನೇ ಬಿಚ್ಚಬಹುದಾ?

ಕೈಯಲ್ಲಿ ತಾಳ್ಮೆ ಇದ್ದರೆ ಬಿಚ್ಚಬಹುದು. ದೋಣಿಯಲ್ಲಿ ಬೇಡ. ಅಂಗಳದಲ್ಲಿ, ಗಾಳಿ ಓಡಾಡುವ ಕಡೆ, ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಮಾಡಿ. ಒಂದು ಸ್ಪ್ರಿಂಗ್ ಮರಳಿಗೆ ಬಿದ್ದರೆ ಅವತ್ತಿನ ಕೆಲಸ ಮುಗಿಯಿತು. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ.

ಸ್ಕ್ರೂಗಳ ಬಗ್ಗೆ ಒಂದು ಮಾತು. ನಮ್ಮ ಎಂಜಿನ್‌ಗಳಲ್ಲಿ ಬಹುಪಾಲು ಜಪಾನಿನವು. ಅವುಗಳ ಪ್ಲಸ್ ಸ್ಕ್ರೂ ನೋಡಲು ಮಾಮೂಲಿನಂತೆ ಇದ್ದರೂ ಅದರ ಕೊರೆತ ಬೇರೆ. ಮಾಮೂಲಿ ಸ್ಕ್ರೂಡ್ರೈವರ್ ಜಾರಿ ತಲೆ ಸವೆಯುತ್ತದೆ. ಜಪಾನಿ ಅಳತೆಯ ಸ್ಕ್ರೂಡ್ರೈವರ್ ಒಂದನ್ನು ಕೊಂಡಿಟ್ಟುಕೊಳ್ಳಿ. ಉಪ್ಪಿಗೆ ಹಿಡಿದುಕೊಂಡ ಸ್ಕ್ರೂ ಆದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ.

ಬೌಲ್ ತೆಗೆದ ಮೇಲೆ ಅದರ ತಳ ನೋಡಿ. ಕರಿ ಹುಡಿ, ನೀರಿನ ಗುಳ್ಳೆ, ಬಿಳಿ ಪುಡಿ ಏನಿದ್ದರೂ ಅದು ಟ್ಯಾಂಕ್ ಕಡೆಯಿಂದ ಬಂದ ಸುದ್ದಿ. ಟ್ಯಾಂಕ್ ತೊಳೆಯದೆ, ಫಿಲ್ಟರ್ ಬದಲಿಸದೆ ಕಾರ್ಬುರೇಟರ್ ಮಾತ್ರ ತೊಳೆದರೆ ವಾರದಲ್ಲಿ ಮತ್ತೆ ಇದೇ ಕೆಲಸ. ಫ್ಲೋಟಿನ ಪಿನ್ನನ್ನು ಮೆಲ್ಲಗೆ ತಳ್ಳಿ ತೆಗೆಯಿರಿ. ಅದನ್ನು ಹಿಡಿದಿರುವ ಕಂಬ ಮುರಿದರೆ ಇಡೀ ಕಾರ್ಬುರೇಟರ್ ಹೋದಂತೆ. ಕ್ಲೀನರ್ ಸ್ಪ್ರೇ ಹೊಡೆಯುವ ಮೊದಲು ರಬ್ಬರ್ ಇರುವ ಎಲ್ಲವನ್ನೂ ಬೇರೆ ಇಡಿ, ಕಣ್ಣಿಗೆ ಕನ್ನಡಕ ಇರಲಿ. ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ಸಣ್ಣ ತೂತಿಗೆ ತಂತಿ ತೂರಿಸಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾಗುತ್ತದೆ, ಆಮೇಲೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಜೋಡಿಸುವಾಗ ನಾನು ತಪ್ಪದೆ ಮಾಡುವ ಪರೀಕ್ಷೆ ಒಂದಿದೆ. ಬೌಲ್ ಹಾಕುವ ಮೊದಲು ಕಾರ್ಬುರೇಟರನ್ನು ತಲೆಕೆಳಗು ಹಿಡಿಯಿರಿ. ಫ್ಲೋಟಿನ ಭಾರಕ್ಕೆ ನೀಡಲ್ ಮುಚ್ಚುತ್ತದೆ. ಪೆಟ್ರೋಲ್ ಬರುವ ದಾರಿಗೆ ಶುದ್ಧ ಪೈಪಿನ ತುಂಡು ಸಿಕ್ಕಿಸಿ ಮೆಲ್ಲಗೆ ಊದಿ. ಗಾಳಿ ಹೋಗಬಾರದು. ನೆಟ್ಟಗೆ ತಿರುಗಿಸಿದರೆ ಸಲೀಸಾಗಿ ಹೋಗಬೇಕು. ತಲೆಕೆಳಗಿದ್ದಾಗಲೂ ಗಾಳಿ ಹೋದರೆ ಬೌಲ್ ಮುಚ್ಚಬೇಡಿ, ಕೆಲಸ ಇನ್ನೂ ಇದೆ. ಫ್ಲೋಟಿನ ಎತ್ತರ ಎಂಜಿನ್ ಪುಸ್ತಕದಲ್ಲಿ ಕೊಟ್ಟಷ್ಟೇ ಇರಬೇಕು. ಒಂದು ಮಾದರಿಯ ಅಳತೆ ಇನ್ನೊಂದಕ್ಕೆ ಬರುವುದಿಲ್ಲ.

ಸೀಟೇ ಸವೆದಿದ್ದರೆ?

ಕೆಲವು ಮಾದರಿಗಳಲ್ಲಿ ಸೀಟ್ ಬಿಚ್ಚಿ ಹೊಸದು ಹಾಕಬಹುದು. ಕೆಲವದರಲ್ಲಿ ಅದು ಮೈಗೇ ಒತ್ತಿ ಕೂರಿಸಿದ್ದು. ಅಂಥದ್ದಕ್ಕೆ ಕಿವಿಗೆ ಹಾಕುವ ಹತ್ತಿಕಡ್ಡಿಗೆ ಲೋಹ ಹೊಳಪಿಸುವ ಪೇಸ್ಟ್ ಹಚ್ಚಿ ಬೆರಳಲ್ಲೇ ತಿರುಗಿಸಿ ಉಜ್ಜಿ, ಚೆನ್ನಾಗಿ ತೊಳೆದು ಊದಿ ನೋಡಿ. ಆದರೂ ಸೋರಿದರೆ ಕಾರ್ಬುರೇಟರ್ ಬದಲಿಸುವುದೇ ಒಳ್ಳೆಯದು.

ಎಂ-ಸೀಲ್, ಟೇಪು, ಸಾಬೂನು ಹಚ್ಚಿ ನಿಲ್ಲಿಸಬಹುದಾ?

ಟ್ಯಾಂಕಿನ ಸಣ್ಣ ಬಿರುಕಿಗೆ ಬಾರ್ ಸಾಬೂನು ಉಜ್ಜಿ ದಂಡೆ ಸೇರಿದವರಿದ್ದಾರೆ. ಸಾಬೂನು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಅದಕ್ಕೇ ಸ್ವಲ್ಪ ಹೊತ್ತು ತಡೆಯುತ್ತದೆ. ಅದು ದಂಡೆ ಸೇರುವ ತನಕದ ಮಾತು. ಬೌಲಿನ ಗೆರೆಗೆ ಮಾಮೂಲಿ ಸಿಲಿಕಾನ್ ಹಚ್ಚಬೇಡಿ. ಪೆಟ್ರೋಲಿಗೆ ಅದು ಮೆತ್ತಗಾಗಿ ಎಳೆಎಳೆಯಾಗಿ ಜೆಟ್ಟಿಗೆ ಹೋಗಿ ಕೂರುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪಿನ ಚೂರೂ ಹಾಗೆಯೇ. ಪ್ಯಾಕಿಂಗಿಗೆ ಪ್ಯಾಕಿಂಗೇ ಬೇಕು. ಕಿಟ್ ಕೊಳ್ಳುವಾಗ ಎಂಜಿನ್ ಮಾದರಿಯ ನಂಬರ್ ಬರೆದುಕೊಂಡು ಹೋಗಿ.

ಈಗಿನ ಪೆಟ್ರೋಲಿನಿಂದ ಪೈಪು ಹಾಳಾಗುತ್ತದೆ ಎನ್ನುತ್ತಾರೆ. ನಿಜವಾ?

ಅದರಲ್ಲಿ ಹುರುಳಿದೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ಕಾಲದ ರಬ್ಬರ್ ಕೆಲವು ಅದಕ್ಕೆ ಉಬ್ಬುತ್ತದೆ, ಬಿರಿಯುತ್ತದೆ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ, ಕಾರವಾರದ ಮಳೆಗಾಲದಲ್ಲಿ ತೇವಕ್ಕೇನು ಬರ? ನೀರು ಜಾಸ್ತಿಯಾದರೆ ಅದು ಎಥೆನಾಲ್ ಜೊತೆ ಬೇರೆಯಾಗಿ ತಳಕ್ಕೆ ಇಳಿದು ಬೌಲನ್ನು ತಿನ್ನುತ್ತದೆ. ಹಾಗಾಗಿ ಅರ್ಧ ಟ್ಯಾಂಕ್ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡಬೇಡಿ. ಪೈಪು ಕೊಳ್ಳುವಾಗ ಎಥೆನಾಲ್ ತಡೆಯುವ, ದೋಣಿ ಇಂಧನಕ್ಕೆಂದೇ ಮಾಡಿದ ಪೈಪು ಕೇಳಿ. ತೋಟಕ್ಕೆ ನೀರು ಬಿಡುವ ಪಾರದರ್ಶಕ ಪೈಪು ಅಗ್ಗ ನಿಜ, ಆದರೆ ಪೆಟ್ರೋಲಿಗೆ ಬೇಗ ಗಟ್ಟಿಯಾಗಿ ಕ್ಲಿಪ್ ಹತ್ತಿರ ಬಿರುಕು ಬಿಡುತ್ತದೆ. ಕ್ಲಿಪ್ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ನನ್ನದು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್. ಬೇರೆ ಏನು ನೋಡಬೇಕು?

ಪೆಟ್ರೋಲಿನಿಂದ ಸೀಮೆಎಣ್ಣೆಗೆ ಬದಲಿಸುವ ಕಾಕ್ (ತಿರುಗಿಸುವ ನಲ್ಲಿ) ನೋಡಿ. ಅದರೊಳಗಿನ ಓರಿಂಗ್ ಸೋತರೆ ಹಿಡಿಕೆಯ ಬುಡದಿಂದ ಜಿನುಗುತ್ತದೆ. ಸೋರಿದ್ದು ಯಾವುದೆಂದು ತಿಳಿಯಲು ಬೆರಳಿಗೆ ಹಚ್ಚಿ ನೋಡಿ. ಪೆಟ್ರೋಲ್ ತಣ್ಣಗೆ ತಾಗಿ ಬೇಗ ಆರುತ್ತದೆ, ಸೀಮೆಎಣ್ಣೆ ಜಿಡ್ಡಾಗಿ ಉಳಿಯುತ್ತದೆ. ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಿ, ಇಲ್ಲವಾದರೆ ಮರುದಿನ ಸ್ಟಾರ್ಟ್ ಆಗುವುದಿಲ್ಲ.

ಫೋರ್ ಸ್ಟ್ರೋಕ್ ಎಂಜಿನ್. ಹೊರಗೆ ಹನಿ ಇಲ್ಲ, ಆದರೆ ಆಯಿಲ್ ಮಟ್ಟ ಏರುತ್ತಿದೆ.

ಆಯಿಲ್ ಮಟ್ಟ ನೋಡುವ ಕಡ್ಡಿ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ ಸೋರಿಕೆ ಒಳಗೇ ಆಗುತ್ತಿದೆ. ಪಂಪಿನ ಡಯಾಫ್ರಂ, ಅಂದರೆ ಒಳಗಿನ ತೆಳು ಪೊರೆ, ಹರಿದಿರಬಹುದು, ಇಲ್ಲವೇ ಓವರ್‌ಫ್ಲೋ ಆದದ್ದು ಸಿಲಿಂಡರ್ ದಾಟಿ ಕೆಳಗೆ ಇಳಿದಿರಬಹುದು. ತೆಳುವಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ. ಸೋರಿಕೆ ಸರಿಮಾಡಿ, ಆಯಿಲ್ ಬದಲಿಸಿ, ಅಲ್ಲಿಯವರೆಗೆ ಓಡಿಸಬೇಡಿ. ಟೂ ಸ್ಟ್ರೋಕಿನಲ್ಲಿ ಡಯಾಫ್ರಂ ಹರಿದರೆ ಪ್ಲಗ್ ಒದ್ದೆಯಾಗಿ, ಹೊಗೆ ಜಾಸ್ತಿಯಾಗಿ ಗೊತ್ತಾಗುತ್ತದೆ.

ಸಮುದ್ರದ ನಡುವೆ ಸೋರಲು ಶುರುವಾದರೆ?

ಎಂಜಿನ್ ನಿಲ್ಲಿಸಿ, ಪೈಪು ಕಳಚಿ, ಲಂಗರು ಹಾಕಿ. ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲೇ ಲಂಗರು ಹಾಕುವುದು ಮುಖ್ಯ. ಇಳಿತದ ಹೊತ್ತಿನಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಯಾವ ಅಳಿವೆಯೂ ದೋಣಿಯನ್ನು ಹೊರಗೆ ಎಳೆಯುತ್ತದೆ. ಸೋರಿದ್ದನ್ನು ಒರೆಸಿ, ವಾಸನೆ ಹೋಗುವವರೆಗೆ ಕಾಯಿರಿ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಬೌಲಿನ ಬದಿಗೆ ಎರಡು ಮೂರು ಸಲ ಮೆಲ್ಲಗೆ ತಟ್ಟಿ. ಸಿಕ್ಕಿಕೊಂಡ ನೀಡಲ್ ಕೆಲವೊಮ್ಮೆ ಇದಕ್ಕೇ ಬಿಡುತ್ತದೆ. ಪೈಪು ಜೋಡಿಸಿ ಮೆಲ್ಲಗೆ ಬಲ್ಬ್ ಒತ್ತಿ. ಹನಿ ನಿಂತರೆ ಸ್ಟಾರ್ಟ್ ಮಾಡಿ ನೇರ ದಂಡೆಗೆ ಬನ್ನಿ. ನಿಲ್ಲದಿದ್ದರೆ ಸ್ಟಾರ್ಟ್ ಮಾಡಬೇಡಿ. ಹುಟ್ಟು ಹಾಕಿ, ಪಕ್ಕದ ದೋಣಿಗೆ ಕೂಗಿ, ಫೋನ್ ಮಾಡಿ. ಕೋಸ್ಟ್ ಗಾರ್ಡ್ ಸಹಾಯದ ನಂಬರ್ 1554. ವಿಎಚ್‌ಎಫ್ ರೇಡಿಯೊ ಇದ್ದರೆ 16ನೇ ಚಾನೆಲ್. ಇದಕ್ಕಾಗಿಯೇ ದೋಣಿಯಲ್ಲಿ ಹುಟ್ಟು ಬೇಕು. ಎಂಜಿನ್ ಬಂದ ಮೇಲೆ ಬಹಳ ಜನ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ, ನೋಡಿದಾಗೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ.

ಬಿಚ್ಚಿದಾಗ ಬಂದ ಕೊಳೆ ಪೆಟ್ರೋಲನ್ನು ಹೊಳೆಗೆ ಚೆಲ್ಲಬಹುದಾ?

ಬೇಡ. ನಮ್ಮ ಅಘನಾಶಿನಿಯಲ್ಲಿ ಇಳಿತಕ್ಕೆ ಹೆಂಗಸರು ಮಕ್ಕಳು ಸೊಂಟದುದ್ದ ನೀರಿನಲ್ಲಿ ಚಿಪ್ಪಿ ಆರಿಸುತ್ತಾರೆ. ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದ. ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಚಿಪ್ಪಿ ನೀರನ್ನು ಸೋಸಿ ತಿನ್ನುವ ಜೀವಿ, ನಾವು ಚೆಲ್ಲಿದ್ದು ಅದರ ಹೊಟ್ಟೆಗೇ ಹೋಗುತ್ತದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಸಾಬೂನು ನೀರು ಸುರಿಯುವವರಿದ್ದಾರೆ. ಬಣ್ಣ ಮರೆಯಾಗುತ್ತದೆ, ಪೆಟ್ರೋಲ್ ನೀರಿನಲ್ಲೇ ಬೆರೆತು ಉಳಿಯುತ್ತದೆ. ಕೊಳೆ ಪೆಟ್ರೋಲನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು ಗ್ಯಾರೇಜಿಗೆ ಕೊಡಿ, ಹಳೆ ಆಯಿಲ್ ತೆಗೆದುಕೊಳ್ಳುವವರು ಇದನ್ನೂ ತೆಗೆದುಕೊಳ್ಳುತ್ತಾರಾ ಎಂದು ಕೇಳಿ.

ಮಳೆಗಾಲಕ್ಕೆ ಎಂಜಿನ್ ಎತ್ತಿಡುವಾಗ ಏನು ಮಾಡಬೇಕು?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. 10 ಎಚ್‌ಪಿವರೆಗಿನ ನಾಡದೋಣಿಗಳಿಗೆ ಅವಕಾಶ ಇದ್ದರೂ ಕಡಲು ಕೆರಳಿದಾಗ ಬಹಳ ಜನ ಎಂಜಿನ್ ಬಿಚ್ಚಿ ಮನೆಗೆ ತರುತ್ತಾರೆ. ತರುವ ಮೊದಲು ಸಿಹಿನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ ಓಡಿಸಿ, ಪೈಪು ಕಳಚಿ ಬೌಲ್ ಬರಿದಾಗಲಿ. ಉಳಿದದ್ದನ್ನು ಡ್ರೈನ್ ಸ್ಕ್ರೂ ಸಡಿಲಿಸಿ ಇಳಿಸಿ. ಕಾರ್ಬುರೇಟರಿನ ಹೊರಮೈಯ ಉಪ್ಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತುಕ್ಕು ತಡೆಯುವ ಸ್ಪ್ರೇ ಹೊಡೆಯಿರಿ. ನೆಟ್ಟಗೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಅಡುಗೆಮನೆ ಮತ್ತು ಬಚ್ಚಲ ಒಲೆಯಿಂದ ದೂರ ಇಡಿ. ಆಗಸ್ಟಿನಲ್ಲಿ ಇಳಿಸುವ ಮೊದಲ ದಿನ ಹೊಸ ಪೆಟ್ರೋಲ್ ಹಾಕಿ, ಬಲ್ಬ್ ಒತ್ತಿ, ಹತ್ತು ನಿಮಿಷ ಹಾಗೇ ಬಿಟ್ಟು ನೋಡಿ. ಎಲ್ಲೂ ಹನಿ ಕಾಣದಿದ್ದರೆ ಹಗ್ಗ ಎಳೆಯಿರಿ.